ಪೊಲೀಸರ ಜೊತೆ ಕೂತು ಮಾತಾಡಿದರೆ ಏನು ಸಿಗುತ್ತದೆ?

ಅಮೆರಿಕದ ಪೊಲೀಸ್ ಸುಧಾರಣೆಯ ಬಗ್ಗೆ ನಾವು ಬರೆದದ್ದನ್ನು ಓದಿ ಶಿವಮೊಗ್ಗದ ಓದುಗರೊಬ್ಬರು ಕೇಳಿದ್ದಾರೆ: "ಗುಂಡು ಹಾರಿಸಿದವರ ಜೊತೆ ಕಪ್ಪು ಜನ ಯಾಕೆ ಮಾತುಕತೆಗೆ ಕೂರಬೇಕು? ಇದೆಲ್ಲ ಸುಮ್ನೆ ಕಣ್ಣೊರೆಸುವ ಕೆಲಸ ಅಲ್ವಾ?"

ನಿಮ್ಮ ಸಿಟ್ಟು ಸರಿಯಾದದ್ದೇ. ಇಂಥ ಎಷ್ಟೋ ಸಭೆಗಳು ಚಹಾ ಕುಡಿದು ಫೋಟೊ ತೆಗೆಸಿಕೊಳ್ಳುವಲ್ಲಿಗೆ ಮುಗಿಯುತ್ತವೆ. ಆದರೆ ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿ ಹಾಗಾಗಲಿಲ್ಲ.

2001ರ ಏಪ್ರಿಲ್ 7ರ ನಸುಕಿನಲ್ಲಿ ಅಲ್ಲಿ ಟಿಮೊಥಿ ಥಾಮಸ್ ಎಂಬ 19 ವರ್ಷದ ಹುಡುಗ ಪೊಲೀಸರಿಂದ ತಪ್ಪಿಸಿಕೊಂಡು ಓಡಿದ. ಅವನ ಮೇಲೆ 14 ವಾರಂಟ್‌ಗಳಿದ್ದವು, ಬಹುಪಾಲು ಟ್ರಾಫಿಕ್ ತಪ್ಪುಗಳಿಗೆ. ಓಣಿಯೊಂದರಲ್ಲಿ ಪೊಲೀಸನೊಬ್ಬ ಗುಂಡು ಹಾರಿಸಿದ. ಹುಡುಗನ ಬಳಿ ಆಯುಧ ಇರಲಿಲ್ಲ. 1995ರಿಂದ ಆ ಊರಿನಲ್ಲಿ ಪೊಲೀಸರಿಗೆ ಎದುರಾಗಿ ಸತ್ತ ಕಪ್ಪು ಗಂಡಸರಲ್ಲಿ ಅವನು 15ನೆಯವನು. ಗಲಭೆ ಎದ್ದಿತು, ಕರ್ಫ್ಯೂ ಬಂತು. ಗುಂಡು ಹಾರಿಸಿದವನು ಅದೇ ವರ್ಷ ನ್ಯಾಯಾಲಯದಲ್ಲಿ ಖುಲಾಸೆಯಾದ.

ಆದರೆ ಈ ಸಾವಿಗೆ ಕೆಲವು ವಾರ ಮೊದಲೇ ಕಪ್ಪು ಜನರ ಸಂಘಟನೆ ಬ್ಲ್ಯಾಕ್ ಯುನೈಟೆಡ್ ಫ್ರಂಟ್ ಮತ್ತು ನಾಗರಿಕ ಹಕ್ಕುಗಳಿಗಾಗಿ ಕೋರ್ಟಿನಲ್ಲಿ ಹೋರಾಡುವ ಎಸಿಎಲ್‌ಯು ಸಂಸ್ಥೆ ಪೊಲೀಸರ ಜನಾಂಗ ಭೇದದ ವಿರುದ್ಧ ದಾವೆ ಹೂಡಿದ್ದವು. ಮಾತುಕತೆಗೆ ಬೆನ್ನೆಲುಬು ಸಿಕ್ಕಿದ್ದು ಅಲ್ಲಿ. ನ್ಯಾಯಾಧೀಶೆ ಸೂಸನ್ ಡ್ಲಾಟ್ ವಿಚಾರಣೆಯ ಬದಲು ಜನರನ್ನೇ ಕೇಳುವ ದಾರಿ ಹಿಡಿದರು. ಸುಮಾರು 3,500 ಜನ ಉತ್ತರ ಕೊಟ್ಟರು. ಕಪ್ಪು ಜನ, ಬಿಳಿಯರು, ಯುವಕರು, ಚರ್ಚಿನವರು, ಪೊಲೀಸರು, ಪೊಲೀಸರ ಮನೆಯವರೂ ಸಹ. ನಿಮಗೆ ಏನು ಬೇಕು ಎಂದಷ್ಟೇ ಕೇಳಿ ಬಿಡಲಿಲ್ಲ. ಅದು ನಿಮಗೆ ಯಾಕೆ ಮುಖ್ಯ ಎಂದೂ ಕೇಳಿದರು. ನನಗೆ ತುಂಬಾ ಹಿಡಿಸಿದ್ದು ಈ ಎರಡನೆಯ ಪ್ರಶ್ನೆ. ಬೇಡಿಕೆ ಪಟ್ಟಿ ಯಾರು ಬೇಕಾದರೂ ಕೊಡುತ್ತಾರೆ. ಯಾಕೆ ಎಂದಾಗ ಜನ ತಮ್ಮ ಬದುಕಿನ ಮಾತು ಹೇಳಲೇಬೇಕಾಗುತ್ತದೆ.

ಈ ಉತ್ತರಗಳ ಮೇಲೆ 2002ರಲ್ಲಿ ದಾವೆ ಹೂಡಿದವರಿಗೂ ನಗರಕ್ಕೂ ಒಪ್ಪಂದವಾಯಿತು. ಪೊಲೀಸರ ಯೂನಿಯನ್ ಕೂಡ ಸಹಿ ಹಾಕಿತು. ದೂರು ತನಿಖೆಗೆ ನಾಗರಿಕರ ಪ್ರಾಧಿಕಾರ ಬಂತು. ರಸ್ತೆಯಲ್ಲಿ ಯಾರ್ಯಾರನ್ನು ತಡೆದರು ಎಂಬ ಲೆಕ್ಕ ಇಡಬೇಕಾಯಿತು. ಒಂದೇ ಜಾಗದಲ್ಲಿ ಪದೇಪದೇ ಅಪರಾಧ ಆದರೆ ಬರೀ ಬಂಧಿಸುತ್ತಾ ಹೋಗುವುದಲ್ಲ, ಅಲ್ಲಿನ ಜನರ ಜೊತೆ ಸೇರಿ ಕಾರಣ ಹುಡುಕಬೇಕು ಎಂದಾಯಿತು. ಇದೆಲ್ಲ ಸಲೀಸಾಗಿ ನಡೆಯಲಿಲ್ಲ. ಇಲಾಖೆ ಅಡ್ಡಗಾಲು ಹಾಕಿತು, ವಿಷಯ ಮತ್ತೆ ನ್ಯಾಯಾಧೀಶೆಯ ಮುಂದೆ ಹೋಯಿತು. ಬರೀ ಒಳ್ಳೆಯ ಮಾತಿನ ಮೇಲೆ ನಿಂತಿದ್ದರೆ ಅದು ಅಲ್ಲೇ ಸಾಯುತ್ತಿತ್ತು. ನ್ಯಾಯಾಲಯದ ಬಲ ಇದ್ದದ್ದರಿಂದ ಉಳಿಯಿತು.

ಥಾಮಸ್‌ಗೆ ಇದರಿಂದ ನ್ಯಾಯ ಸಿಗಲಿಲ್ಲ, ಅಷ್ಟರ ಮಟ್ಟಿಗೆ ನಿಮ್ಮ ಮಾತು ನಿಜ. ಒಪ್ಪಂದಕ್ಕೆ ಮಿತಿಯೂ ಇತ್ತು. 2015ರಲ್ಲಿ ಅದೇ ಊರಿನ ವಿಶ್ವವಿದ್ಯಾಲಯದ ಪೊಲೀಸನೊಬ್ಬ, ಕಾರಿನ ಮುಂದಿನ ನಂಬರ್ ಪ್ಲೇಟ್ ಇಲ್ಲವೆಂದು ತಡೆದ ಸ್ಯಾಮ್ಯುಯೆಲ್ ಡುಬೋಸ್ ಎಂಬ ಕಪ್ಪು ಗಂಡಸನ್ನು ಗುಂಡಿಕ್ಕಿ ಕೊಂದ. ನಗರ ಪೊಲೀಸರ ಒಪ್ಪಂದ ವಿಶ್ವವಿದ್ಯಾಲಯದ ಪೊಲೀಸರಿಗೆ ಅನ್ವಯಿಸುತ್ತಿರಲಿಲ್ಲ. ಆ ಸಾವಿನ ನಂತರವಷ್ಟೇ ವಿಶ್ವವಿದ್ಯಾಲಯ ತನ್ನ ಪೊಲೀಸರ ಮೇಲೆ ಹೊರಗಿನವರ ನಿಗಾ ಇರಿಸಿತು.