ಧರ್ಮ ನೋಡಿ ವೀಸಾ ಬಂದ್ ಮಾಡಿದ್ರ ದೇಶ ಸೇಫ್ ಆಗ್ತದೇನು?

2017ರಾಗ ಟ್ರಂಪ್ ಮಾಡಿದಂಗ ಮುಸ್ಲಿಮರ ದೇಶದವ್ರನ್ನ ತಡದ್ರ ಚೆಕ್ ಮಾಡೋರಿಗೆ ಕೆಲಸ ಹಗುರ ಆಗ್ತದಲ್ಲ ಅಂತ ಕೇಳೀರಿ. ನಾನೂ ಹಂಗೇ ತಿಳ್ಕೊಂಡಿದ್ದೆ ರೀ. ಕಲಬುರಗಿ ದರ್ಗಾ ರೋಡಿನಾಗ ನಂದೊಂದು ಸಣ್ಣ ಟ್ರಾವೆಲ್ ಆಫೀಸ್ ಇತ್ತು, ಸೌದಿ, ದುಬೈಗೆ ಕೆಲಸಕ್ಕ ಹೋಗೋರ ಕಾಗದಪತ್ರ ತಯಾರ ಮಾಡಿ ಮುಂಬೈ ಏಜೆಂಟಗ ಕಳಸೋ ಧಂದೆ. ಮುಸ್ಲಿಂ ಹುಡುಗ ಬಂದ್ರ ಪಾಸ್‌ಪೋರ್ಟು, ಮಾರ್ಕ್ಸ್ ಕಾರ್ಡು, ಟಿಸಿ ಎಲ್ಲಾ ಒರಿಜಿನಲ್ ಟೇಬಲ್ ಮ್ಯಾಲ ಇಡಿಸಿ, ಓಣ್ಯಾಗ ಬ್ಯಾರೆ ವಿಚಾರಸ್ತಿದ್ದೆ. ನಮ್ಮ ಮಂದಿ ಬಂದ್ರ ಚಹಾ.

ಒಬ್ಬ ಬಂದ, ನಮ್ಮ ಪೈಕಿನೇ, ಹಣಿಮ್ಯಾಲ ವಿಭೂತಿ, ನಮ್ಮ ಕಾಕಾನ ಗುರ್ತಾ ಹೇಳ್ದ, ಪ್ಲಾಸ್ಟಿಕ್ ಕವರಿನಾಗ ಡಿಪ್ಲೊಮಾ ಸರ್ಟಿಫಿಕೇಟ್ ಕೊಟ್ಟ. ಅದರಾಗ ರಿಜಿಸ್ಟರ್ ನಂಬರಿನ ಕಡಿಗಿನ ಎರಡು ಅಂಕಿ ಉಳಿದವಕ್ಕಿಂತ ದಪ್ಪ ಇದ್ವು, ಒಂಚೂರು ವಾರಿ ಕೂತಿದ್ವು. ನನ್ನ ಕಣ್ಣಿಗಿ ಬಿದ್ದಿತ್ತು, ಸುಳ್ಳ್ಯಾಕ ಹೇಳ್ಲಿ. ಕವರಿನಿಂದ ತೆಗೆದು ಬೆಳಕಿಗಿ ಹಿಡಿದಿದ್ರ ಮುಗೀತಿತ್ತು, ಕಾಲೇಜಿಗೆ ಒಂದು ಫೋನ್ ಹಚ್ಚಿದ್ರ ಮುಗೀತಿತ್ತು, ಎರಡೂ ಮಾಡಲಿಲ್ಲ, ಯಾಕಂದ್ರ ಯಾರ ಮ್ಯಾಲ ಡೌಟ್ ಪಡಬೇಕು ಅನ್ನೋದು ನಾ ಮೊದಲೇ ಫಿಕ್ಸ್ ಮಾಡಿ ಕೂತಿದ್ದೆ, ಇಂವ ಆ ಲಿಸ್ಟಿನಾಗ ಇರಲಿಲ್ಲ. ಅಟೆಸ್ಟೇಶನ್‌ನಾಗ (ಸರ್ಟಿಫಿಕೇಟ್ ಖರೇನೋ ಅಂತ ಸರ್ಕಾರಿ ಆಫೀಸಿನಾಗ ನೋಡೋದು) ಡೂಪ್ಲಿಕೇಟ್ ಅಂತ ಸಿಕ್ಕಿಬಿತ್ತು. ಏಜೆಂಟ್ ನನ್ನ ಫೈಲ್ ಎಲ್ಲಾ ವಾಪಸ್ ಒಗದ, ಅದರಾಗ ನಾ ಅರದು ನೋಡಿದ ಹುಡುಗೂರ ಫೈಲೂ ಇದ್ವು. ಬಡ್ಡಿಗಿ ರೊಕ್ಕ ತಂದು ಕೊಟ್ಟಿದ್ರು ಅವ್ರು. ಅದನ್ನ ತಿರುಗಿ ಕೊಟ್ಟು ಆಫೀಸ್ ಮುಚ್ಚಿದೆ.

ಈಗ ನಿಮ್ಮ ಅಮೆರಿಕಾಕ್ಕ ಬರ್ರಿ. 2001ರ ಸೆಪ್ಟೆಂಬರ್ 11ಕ್ಕ (9/11) ವಿಮಾನ ಹೈಜಾಕ್ ಮಾಡಿ ದಾಳಿ ಮಾಡ್ದೋರು 19 ಮಂದಿ. 15 ಮಂದಿ ಸೌದಿ, ಇಬ್ಬರು ಯುಎಇ, ಒಬ್ಬ ಈಜಿಪ್ಟ್, ಒಬ್ಬ ಲೆಬನಾನ್. 2017ರ ಆರ್ಡರಿನಾಗ ಇದ್ದವು ಇರಾನ್, ಇರಾಕ್, ಸಿರಿಯಾ, ಯೆಮನ್, ಲಿಬಿಯಾ, ಸೊಮಾಲಿಯಾ, ಸುಡಾನ್. ತಾಳೆ ಹಾಕಿ ನೋಡ್ರಿ, ಒಂದಾರ ಕೂಡ್ತದೇನು? ಆ 19ರೊಳಗ ಕಮ್ಮಿ ಅಂದ್ರೂ ಇಬ್ಬರ ಪಾಸ್‌ಪೋರ್ಟ್ ತಿದ್ದಿದ್ವು ಅಂತ ಆ ದಾಳಿ ತನಿಖೆ ಮಾಡಿದ ಅವರದೇ 9/11 ಕಮಿಷನ್ 2004ರಾಗ ಬರದದ. ಹಿಡಿಯೋ ಜಾಗ ಅದಿತ್ತು.

ಅಮೆರಿಕಾದ ಸುಪ್ರೀಂ ಕೋರ್ಟೇ ಒಪ್ಪಿತಲ್ಲ ಅಂತೀರಿ. ಹೌದು, 2018ರಾಗ ಜಡ್ಜ್ ಮಂದಿ 5-4 ಮತದಾಗ, ಅದೂ ತಿದ್ದಿ ತಿದ್ದಿ ಮಾಡಿದ ಮೂರನೇ ಆರ್ಡರಿಗಿ. ಅಧ್ಯಕ್ಷರಿಗೆ ಅಧಿಕಾರ ಅದ ಅಂದ್ರು, ಪಾಲಿಸಿ ಛಲೋ ಅದನೋ ಇಲ್ಲೋ ನಾವು ಹೇಳಂಗಿಲ್ಲ ಅಂತನೂ ಅಂದ್ರು. ಅದನ್ನ ಯಾರೂ ಫಾರ್ವರ್ಡ್ ಮಾಡಂಗಿಲ್ಲ.

ನ್ಯಾಯ ಅದನೋ ಅಂತ ಬ್ಯಾರೆ ಕೇಳೀರಿ. ಇಲ್ಲ. ಕೆಲಸ ಹಗುರ ಆಗ್ತದ ಅಂದಿದ್ದು ಮಾತ್ರ ಖರೇ, ನನಗೂ ಭಾಳ ಹಗುರ ಆಗಿತ್ತು, ಅರ್ಧ ಮಂದಿ ಕಾಗದ ನೋಡೋದೇ ಬಿಟ್ಟಿದ್ದೆ.