ಟರ್ಕಿಯಿಂದ ತಂದ ಬಣ್ಣದ ಮಣ್ಣಿನ ನಗಾರಿ ಜೋಡಿ: ನಿಜವಾದ ವಾದ್ಯವಾ, ಸುಮ್ನೆ ಶೋಕೇಸ್ ಸಾಮಾನಾ?

ಹೂಬಳ್ಳಿಯ ಚಿತ್ರ ಇರುವ ಮಣ್ಣಿನ ಜೋಡಿ ನಗಾರಿ ನುಡಿಸೋದಕ್ಕೆ ಬರುತ್ತಾ, ಮಳೆಗಾಲದಲ್ಲಿ ದನಿ ಯಾಕೆ ಸತ್ತುಹೋಗಿದೆ ಅಂತ ಕೇಳಿದ್ದೀರಿ. ಖಂಡಿತ ನುಡಿಸಬಹುದು. ನನ್ನ ಹತ್ತಿರವೂ ಇಂಥದ್ದೊಂದು ಜೋಡಿ ಇದೆ, ದಿನಾ ನುಡಿಸುತ್ತೇನೆ.

ಇದು ನಕ್ಕಾರೆ ಜಾತಿಯ ವಾದ್ಯ, ನಮ್ಮ ದೇವಸ್ಥಾನದ ನಗಾರಿಯ ನೆಂಟ. ಒಟ್ಟೊಮನ್ ಸೈನ್ಯದ ಮೆಹ್ತರ್ ವಾದ್ಯವೃಂದದಲ್ಲಿ ನಕ್ಕಾರೆಯೂ ಇತ್ತು, ಅದರ ದೈತ್ಯ ಅಣ್ಣ ಕೋಸ್ ಕೂಡ ಇತ್ತು. 1826ರಲ್ಲಿ ಸುಲ್ತಾನನ ಖಾಸಾ ಕಾಲಾಳು ಪಡೆಯಾದ ಜಾನಿಸರಿಯ ಜೊತೆ ಆ ಮೇಳವನ್ನೂ ಮುಚ್ಚಿದರು. ಕವಿ ರೂಮಿಯ ಪಂಥದವರಾದ ಮೆವ್ಲೆವಿ ಸೂಫಿಗಳ ಕುದೂಮ್ ಎಂಬ ಜೋಡಿ ನಗಾರಿ ಕೂಡ ಇದೇ ಆಕಾರದ್ದು, ಆದರೆ ತಾಮ್ರವನ್ನು ಬಡಿದು ಮಾಡಿದ್ದು. ನನಗೆ ಅದೇ ಜಾಸ್ತಿ ಇಷ್ಟ. ಈ ಪಂಥದ ದರ್ವೇಶಿಗಳು (ಸಾಧಕರು) ಗಿರಗಿರನೆ ಸುತ್ತುವ ಸೆಮಾ ಆಚರಣೆಯ ಶುರುವಿನಲ್ಲಿ ಒಬ್ಬರೇ ನಿಧಾನವಾಗಿ ಸ್ತುತಿ ಹಾಡುತ್ತಾರೆ. ಅದು ಮುಗಿದ ಮೇಲೆ ಕುದೂಮ್ ಪೆಟ್ಟು ಬೀಳುತ್ತದೆ. ಸೃಷ್ಟಿಗೆ ದೇವರು ಹೇಳಿದ 'ಆಗು' ಎಂಬ ಮಾತು ಅದು ಅಂತ ಅವರ ನಂಬಿಕೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ.

ಮಣ್ಣಿನದಕ್ಕೆ ಅಷ್ಟು ಗುಂಗು ಇಲ್ಲ, ದನಿ ಮೆತ್ತಗೆ, ಬೇಗ ನಿಲ್ಲುತ್ತದೆ. ಮನೆಯೊಳಗೆ ನುಡಿಸೋಕೆ ಅದೇ ಚೆನ್ನ. ಮೊದಲು ಉಗುರಿನಿಂದ ಮಡಕೆ ತಟ್ಟಿ ನೋಡಿ. ಠಣ್ ಅಂದರೆ ಗಟ್ಟಿ, ಡಬ್ ಅಂದರೆ ಎಲ್ಲೋ ಬಿರುಕಿದೆ. ಬಣ್ಣ ಗಾಜಿನ ಹಾಗೆ ನುಣುಪಾಗಿಲ್ಲದಿದ್ದರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಸುಟ್ಟ ಮೇಲೆ ಬಳಿದ ಬಣ್ಣ ಎದ್ದು ಬರಬಹುದು.

ದನಿ ಸತ್ತಿರೋದು ಚರ್ಮದ ತೇವದಿಂದ. ತೇವ ಹೀರಿದ ಚರ್ಮ ಸಡಿಲಾಗುತ್ತದೆ. ಎಳೆಬಿಸಿಲಿಗೆ ಸ್ವಲ್ಪ ಹೊತ್ತು ಇಡಿ. ಬಿಸಿಲಿಲ್ಲದಿದ್ದರೆ ಹೇರ್ ಡ್ರೈಯರ್ ದೂರದಿಂದ ಹಿಡಿಯಿರಿ. ಹಗ್ಗ ಬಿಗಿದು ಸರಿ ಮಾಡೋಕೆ ಮಾತ್ರ ಹೋಗಬೇಡಿ. ಬೇಸಿಗೆಯಲ್ಲಿ ಚರ್ಮ ಒಣಗಿ ಇನ್ನೂ ಎಳೆದುಕೊಳ್ಳುತ್ತದೆ, ಆಗ ಮಡಕೆಯ ಅಂಚೇ ಒಡೆಯಬಹುದು.

ನೆಲಕ್ಕೆ ನೇರವಾಗಿ ಇಡಬೇಡಿ, ಬಟ್ಟೆಯ ಸಿಂಬಿ ಮಾಡಿ ಕೂರಿಸಿ. ಕುದೂಮನ್ನೂ ಅವರು ಹಾಗೇ ಬಳೆಯಂಥ ದಿಂಡಿನ ಮೇಲೆ ಇಡುತ್ತಾರೆ. ದಪ್ಪ ದನಿಯದು ಬಲಕ್ಕೆ, ಅದು 'ದುಮ್'. ತೆಳು ದನಿಯದು ಎಡಕ್ಕೆ, ಅದು 'ತೇಕ್'. ಹಗುರ ಕೋಲು ಸಾಕು. ಮೊದಲು 8 ಮಾತ್ರೆಯ 'ದುಯೆಕ್' ತಾಳ ಕಲಿಯಿರಿ (ಅಂಕಿ ಅಂದರೆ ಆ ಪೆಟ್ಟು ಎಷ್ಟು ಮಾತ್ರೆ ಅಂತ): ದುಮ್ 1, ತೇಕ್ 2, ತೇಕ್ 1, ದುಮ್ 2, ತೇಕ್ 2. ಎರಡನೆಯ ಪೆಟ್ಟನ್ನು ಪೂರ್ತಿ ಎರಡು ಮಾತ್ರೆ ನಿಲ್ಲಿಸೋದೇ ಕಷ್ಟ. ಬಾಯಲ್ಲಿ ಹೇಳಿಕೊಂಡು, ತೊಡೆಯ ಮೇಲೆ ತಟ್ಟಿ, ಆಮೇಲೆ ಕೋಲು ಹಿಡಿಯಿರಿ.