ಕೊನೆಯ ಮೂರಂಕಿ

ನಮಸ್ಕಾರ.

ಡೊಂಬಿವಲಿಯಿಂದ ನೀವು ಕಳಿಸಿದ ಲೇಖನ ತಲುಪಿದೆ. 2ರ 67ನೇ ಘಾತದಿಂದ ಒಂದನ್ನು ಕಳೆದರೆ ಬರುವ ಸಂಖ್ಯೆಯ ಮೇಲೆ ಕನ್ನಡದಲ್ಲಿ ಮೂರು ಪುಟ ಬರೆದಿದ್ದೀರಿ, ಸಂತೋಷ. ಭಾಷೆ ತಿಳಿಯಾಗಿದೆ. ಆದರೆ ಎರಡು ಕಡೆ ನನಗೆ ಸಿಟ್ಟೇ ಬಂತು.

ಮೊದಲ ಸಾಲಿನಲ್ಲೇ 147573952589676412297 ಎಂದಿದ್ದೀರಿ. ಕೊನೆಯ ಮೂರಂಕಿ 297 ಅಲ್ಲ, 927. ಅಂಕಿಗಳನ್ನು ಕೂಡಿ ತಾಳೆ ನೋಡಿದರೆ ಇಂಥ ತಪ್ಪು ಸಿಗುವುದಿಲ್ಲ. ಅದಲುಬದಲಾದರೂ ಮೊತ್ತ 109 ತಾನೆ? ಬಲಗಡೆಯಿಂದ ಒಂದಂಕಿ ಕೂಡಿ, ಮುಂದಿನದು ಕಳೆದು, ಹಾಗೇ ಎಡಕ್ಕೆ ಹೋಗಿ. ಸರಿಯಾದ ಸಂಖ್ಯೆಗೆ 17 ಬರುತ್ತದೆ. ಅದನ್ನು 11ರಿಂದ ಭಾಗಿಸಿದರೆ ಶೇಷ 6, ಇಡೀ ಸಂಖ್ಯೆಯನ್ನು ಭಾಗಿಸಿದರೂ ಅದೇ ಶೇಷ. ನಿಮ್ಮದಕ್ಕೆ ಬರುವುದು 3. ಮೂರನೇ ಪುಟದಲ್ಲಿ ನೀವೇ ಕೊಟ್ಟ ಅಪವರ್ತನಗಳು 193707721 ಮತ್ತು 761838257287. 11ರಿಂದ ಭಾಗಿಸಿದರೆ ಇವುಗಳ ಶೇಷ 9 ಮತ್ತು 8. ಗುಣಿಸಿದರೆ 72, ಅದರ ಶೇಷ ಮತ್ತೆ 6. ನಿಮ್ಮ ಮೂರನೇ ಪುಟವೇ ಮೊದಲ ಪುಟವನ್ನು ಸುಳ್ಳು ಮಾಡುತ್ತಿದೆ.

ಒಂದಂಕಿಗೆ ಇಷ್ಟು ರಂಪವೇ ಎನ್ನಬೇಡಿ. ಮುಂಬಯಿಯ ಗಿರ್ಗಾಂವ್‌ನ ಒಂದು ಛಾಪಖಾನೆಯಲ್ಲಿ ನಾನು ಕರಡು ತಿದ್ದಲು ಕಲಿಯುತ್ತಿದ್ದಾಗ ದೇಣಿಗೆದಾರರ ಪಟ್ಟಿಯೊಂದು ಬಂತು. ಉಡುಪಿ ಹೋಟೆಲಿನ ಒಬ್ಬ ಮಾಣಿ ಕೊಟ್ಟಿದ್ದು 51 ರೂಪಾಯಿ. ನನ್ನ ಕಣ್ಣು ತಪ್ಪಿ 15 ಎಂದು ಅಚ್ಚಾಯಿತು. ಆತ ರಾತ್ರಿ ಪಾಳಿ ಮುಗಿಸಿ, ಪುಸ್ತಕ ಹಿಡಿದು ಬಂದು ಬಾಗಿಲಲ್ಲಿ ನಿಂತ. ಜಗಳವಾಡಲಿಲ್ಲ. ಆ ಪುಟ ತೆಗೆದು ಬೆರಳಿಟ್ಟು ತೋರಿಸಿದ, ಅಷ್ಟೇ. ಅವತ್ತಿನಿಂದ ಅಂಕಿಗಳನ್ನು ನಾನು ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಗಟ್ಟಿಯಾಗಿ ಓದುತ್ತೇನೆ.

ಎರಡನೆಯದು ಇನ್ನೂ ದೊಡ್ಡದು. ‘ಈ ಸಂಖ್ಯೆ ಅವಿಭಾಜ್ಯವಲ್ಲವೆಂದು ಜಗತ್ತಿಗೆ ಮೊದಲು ತಿಳಿದದ್ದು 1903ರಲ್ಲಿ’ ಎಂದಿದ್ದೀರಿ. ಅಲ್ಲ. 1644ರಲ್ಲಿ ಫ್ರಾನ್ಸಿನ ಪಾದ್ರಿ ಮರ್ಸೆನ್ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದರು. ಅದು ತಪ್ಪೆಂದು 1876ರಲ್ಲೇ ತೋರಿಸಿದವರು ಫ್ರಾನ್ಸಿನ ಗಣಿತಜ್ಞ ಲ್ಯೂಕಾ. ಯಾವುದರಿಂದ ಭಾಗವಾಗುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ. ಒಂದೇ ಒಂದು ಅಪವರ್ತನ ಕೈಗೆ ಸಿಗದೆಯೂ ಸಂಖ್ಯೆ ಒಡೆಯುತ್ತದೆ ಎಂದು ಖಚಿತವಾಗಿ ಹೇಳಬಹುದು! ಒಳಗೆ ಏನಿದೆ ಎಂದು ತಿಳಿಯಲು ಮತ್ತೆ 27 ವರ್ಷ ಹಿಡಿಯಿತು. ನ್ಯೂಯಾರ್ಕಿನಲ್ಲಿ ಗಣಿತಜ್ಞರ ಸಭೆಯೊಂದರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಆ ಎರಡು ಅಪವರ್ತನಗಳನ್ನು ಮುಂದಿಟ್ಟರು. ನಿಮ್ಮ ಲೇಖನದ ಜೀವ ಈ 27 ವರ್ಷಗಳಲ್ಲಿದೆ. ಅದನ್ನೇ ನುಂಗಿಬಿಟ್ಟು, ಕೋಲ್ ಕಪ್ಪುಹಲಗೆಯ ಮುಂದೆ ಮಾತಿಲ್ಲದೆ ಲೆಕ್ಕ ಬರೆದರೆಂಬ ದಂತಕಥೆಗೆ ಒಂದಿಡೀ ಪುಟ ಕೊಟ್ಟಿದ್ದೀರಿ. ‘ವಿಸ್ಮಯ’ ಎಂಬ ಪದ ಆ ಪುಟದಲ್ಲಿ ಆರು ಸಲ ಬಂದಿದೆ. ಲ್ಯೂಕಾ ಮಾಡಿದ್ದನ್ನು ಬಿಡಿಸಿ ಹೇಳಿದ್ದರೆ ಒಮ್ಮೆಯೂ ಬೇಕಾಗುತ್ತಿರಲಿಲ್ಲ.

ದಂತಕಥೆಯನ್ನು ನಾಲ್ಕು ಸಾಲಿಗೆ ಇಳಿಸಿ, ಲ್ಯೂಕಾಗೆ ಆ ಪುಟ ಕೊಡಿ. ಸಂಖ್ಯೆಯನ್ನು ಮಾತ್ರ ಟೈಪ್ ಮಾಡಬೇಡಿ, ಚೌಕುಳಿ ಹಾಳೆಯಲ್ಲಿ ಮನೆಗೊಂದಂಕಿಯಂತೆ ಕೈಯಲ್ಲಿ ಬರೆದು ಕಳಿಸಿ. 21 ಮನೆ ತುಂಬಬೇಕು.